ಬಿಳಿ ಕುದುರಿ ಬರೋತನಕ

ಗಡಿ ಆಚಿ ಮರಾಠಿ ಸೀಮಿ ನಿಲಂಗಾದಾಗ ನಮ್ಮ ಮಾಮಾನ ಮನಿ ಅಂದ್ರ ಮುಂದ ಕಿರಾಣಿ ಅಂಗಡಿ, ಹಿಂದ ಅಡಗಿಮನಿ, ನಡುವ ಒಂದು ಕತ್ತಲಿ ಖೋಲಿ. ಆ ಖೋಲಿಗಿ ಕಿಡಕಿ ಇರಲಿಲ್ಲ. ಮಾಳಿಗ್ಯಾಗ ಒಂದು ಬೆಳಕಿಂಡಿ ಇತ್ತು, ಮಧ್ಯಾಹ್ನ ಆದ್ರ ಅದರಾಗಿಂದ ಬಿಸಲು ಒಂದು ಕೋಲಿನಂಗ ಇಳದು ನೆಲದ ಮ್ಯಾಲ ನಿಂದರತಿತ್ತು. ಒಂದು ಗ್ವಾಡಿಗಿ ಜ್ವಾಳ, ತೊಗರಿ, ಸಕ್ಕರಿ ಚೀಲ. ಎದುರಿನ ಗ್ವಾಡಿಗಿ ದೇವರ ಜಗಲಿ. ಎರಡರ ನಡುವ ನಮ್ಮವ್ವ ಕಾಲು ಚಾಚಿ ಕುಂತು ಚಹಾಪತ್ತಿ ಪೊಟ್ಟಣ ಕಟ್ಟತಿದ್ಲು. ನಾನೂ ಅವ್ವನೂ ಮಲಗೋದೂ ಅಲ್ಲೇ. ಇಂಗಿನ ವಾಸ, ಸೀಮಿಎಣ್ಣಿ ವಾಸ, ಇಭೂತಿ ವಾಸ, ಎಲ್ಲಾದರ ಮ್ಯಾಲ ಚಹಾದ ವಾಸ. ಈಗಲೂ ಯಾವುದಾರ ಹಳೇ ಪ್ಲಾಸ್ಟಿಕ್ ಕುದುರಿ ಕೈಗಿ ಸಿಕ್ರ ನಾ ಮೊದಲ ಅದರ ಹೊಟ್ಟಿ ಮೂಸಿ ನೋಡತೀನಿ. ಚಹಾದ ವಾಸ ಬಂತಂದ್ರ ಅದು ನನ್ನ ಕಾಲದ್ದು.

ಓದೋರಿಗಿ ಇದು ವಿಚಿತ್ರ ಅನಸಬಹುದು. ಉಮರ್ಗ್ಯಾಗ ನಂದೊಂದು ವಹಿ-ಪೆನ್ನಿನ ಅಂಗಡಿ ಅದ. ಅಂಗಡಿ ಹಿಂದಿನ ಕಪಾಟಿನ್ಯಾಗ ಮಾತ್ರ ವಹಿ ಇಲ್ಲ, ಪೆನ್ನಿಲ್ಲ, ಬರೇ ಕುದುರಿ. ಬಟ್ಟಿನಷ್ಟು ಉದ್ದನವು, ಗೇಣುದ್ದನವು, ರಬ್ಬರಿನವು, ಕೊರಳ ಮ್ಯಾಲ ಖರೇ ಕೂದಲಿನಂಥ ಅಯಾಲು ಇದ್ದವು. ಉದಗೀರದ ಹಳೇ ಸಾಮಾನಿನ ಭಂಗಾರ ಅಂಗಡಿಗೋಳು, ಲೋಹಾರಾದ ಸಂತಿ, ಮುಚ್ಚಿಹೋದ ಕಿರಾಣಿ ಅಂಗಡಿಗೋಳ ಅಟ್ಟ, ಎಲ್ಲಾ ತಿರಗಿ ತಂದೀನಿ. ಕುದುರಿ ಸಿಗೋದು ಅಷ್ಟು ಕಷ್ಟ ಅಲ್ಲ. ಅದರ ಜೋಡಿ ಪುಕ್ಕಟ ಬರತಿದ್ದ ಸಣ್ಣ ಹಣಗಿ, ರಟ್ಟಿನ ಜೀನು, ಅಂಗಡ್ಯಾಗ ತೂಗಹಾಕೋ ಚಿತ್ರ, ಇವು ಸಿಗೋದು ಕಷ್ಟ, ಯಾಕಂದ್ರ ಜನ ಅವನ್ನ ಕಸ ಅಂತ ಒಲಿಗಿ ಹಾಕತಿದ್ರು. ಮೊನ್ನಿ ಪುಣ್ಯಾ ಶಹರದಿಂದ ಒಬ್ಬಾಂವ ಫೋನ್ ಮಾಡಿ, ಕಾಕಾ, ನಿಮ್ಮ ಹಂತ್ಯಾಕ ಚಹಾ ಕಂಪನಿ ಕುದುರಿಗೋಳ ತಬೇಲಾ ಅದ ಅಂತಲ್ಲ, ಪೂರ್ತಿ ಅದ ಏನು ಅಂತ ಕೇಳದ. ಪೂರ್ತಿ ಇಲ್ಲಪಾ, ಒಂದು ಖಾನಿ ಖಾಲಿ ಅದ ಅಂದೆ. ಬಿಳಿದಾ ಅಂದ. ಹೌದು ಅಂದೆ. ಬಿಳಿದು ನಾ ಕೊಡತೀನಿ ಕಾಕಾ, ನನ್ನ ಬಲ್ಲಿ ಎರಡು ಅದಾವ ಅಂದ. ಬ್ಯಾಡಪಾ ಅಂತ ಫೋನ್ ಇಟ್ಟೆ. ಆ ಖಾಲಿ ಖಾನಿದು ಕಥಿ ಹೇಳಬೇಕು ಅಂತೇ ಇವತ್ತ ಕುಂತೀನಿ. ಮೊಬೈಲಿನ್ಯಾಗ ಒಂದೇ ಬಟ್ಟಿಲೆ ಒತ್ತತೀನಿ, ಹಿಂಗಾಗಿ ತಡ ಆಗತದ.

ನಮ್ಮಪ್ಪ ನಾ ನಡಿಯೋದು ಕಲಿಯೋದ್ರಾಗೇ ತೀರಕೊಂಡಿದ್ದ. ಅವ್ವ ನನ್ನ ಕರಕೊಂಡು ಬೀದರ ಕಡಿಂದ ತನ್ನ ಅಣ್ಣನ ಮನಿಗಿ ಬಂದಿದ್ಲು. ಬರೋವಾಗ ಆಕಿ ತಂದದ್ದು ಎರಡೇ, ಒಂದು ನಾನು, ಇನ್ನೊಂದು ನಮ್ಮಪ್ಪನ ಮನಿತನದ ದೇವರ ಗಂಟು. ಹಳದಿ ಅರಿವಿ ಗಂಟು, ಒಳಗ ಮೈಲಾರ ಮಲ್ಲಣ್ಣ, ಮ್ಯಾಲ ಭಂಡಾರ ಸುರದಿದ್ದಕ್ಕ ಮುಟ್ಟಿದ್ರ ಕೈಗಿ ಅರಿಶಿಣ ಹತ್ತತಿತ್ತು. ನಮ್ಮ ಮನಿತನದಾಗ ಒಂದು ರೀತಿ ಅದ. ಮನಿ ಗಂಡಸು ಹೋದ್ರ, ಅಂವನ ಮಗ ಮದಿವಿ ಆಗಿ ತನ್ನ ಒಲಿ ಹೂಡೋತನಕ ಆ ಗಂಟು ಬಿಚ್ಚಂಗಿಲ್ಲ. ದೀಪ ಹಚ್ಚಬೇಕು, ಕೈ ಮುಗಿಬೇಕು, ಅಷ್ಟೇ. ಮಾಮಾನ ಮನಿ ದೇವರು ಜಗಲಿ ನಡುವ ಬೆಳ್ಳಿ ಕಣ್ಣು ಬಿಟಗೊಂಡು ಕುಂತಿದ್ವು. ನಮ್ಮ ಗಂಟು ಮೂಲ್ಯಾಗ ಇತ್ತು, ನಮ್ಮಂಗೇ.

ಮಾಮಾ ಕೆಟ್ಟಾಂವ ಅಲ್ಲ. ದೊಡ್ಡ ಹೊಟ್ಟಿ, ದೊಡ್ಡ ನಗಿ, ಹಣಿ ತುಂಬ ಇಭೂತಿ. ಗಿರಾಕಿ ಕನ್ನಡದಾಗ ಕೇಳಿದ್ರ ಮರಾಠಿದಾಗ ಹೇಳತಿದ್ದ, ಮರಾಠಿದಾಗ ಕೇಳಿದ್ರ ಉರ್ದುದಾಗ ಚ್ಯಾಷ್ಟಿ ಮಾಡತಿದ್ದ. ಮಾಮಿ ಉದಗೀರದ ಮಗಳು, ಮಾತು ಕಡಿಮಿ, ಆದ್ರ ಒಂದೊಂದು ಮಾತು ತೂಕದ ಕಲ್ಲಿನಂಗ. ಅವರ ಮಗ ಬಸ್ಯಾ ನನಗಿಂತ ಒಂದು ಮಳಿಗಾಲ ಸಣ್ಣಾಂವ. ಅಂವಾ ಮುಂಜಾನಿ ಖಾಕಿ ಚಡ್ಡಿ ಹಾಕೊಂಡು, ತಲಿಗಿ ಎಣ್ಣಿ ಹಚಗೊಂಡು ಸಾಲಿಗಿ ಹೋಗತಿದ್ದ. ನಾ ಅಂಗಡಿ ಬಾಗಲ ಹಲಗಿ ತೆಗದು, ಕಸಾ ಹೊಡದು, ತಕ್ಕಡಿ ಒರಸಿ, ಎತ್ತರ ಸಾಲದು ಅಂತ ಸಾಬಾಣದ ಪೆಟಗಿ ಮ್ಯಾಲ ನಿಂದರತಿದ್ದೆ. ಊಟಕ್ಕ ಮೊದಲ ಮಾಮಾ, ಬಸ್ಯಾ, ಆಮ್ಯಾಲ ನಾ, ಕಡೀಕ ಮಾಮಿ, ಅವ್ವ. ರೊಟ್ಟಿ, ಪುಂಡಿಪಲ್ಲೆ, ಖಾರಾ. ಅವ್ವಗ ತಳದಾನ ಪಲ್ಲೆ. ನಂಗ ಯಾವತ್ತೂ ಹೊಟ್ಟಿ ಕಡಿಮಿ ಬಿದ್ದಿಲ್ಲ, ಇದು ಖರೆ. ಖರೇ ಮಾತೇ ಬರೀಬೇಕು ಅಂತ ಕುಂತೀನಿ.

ಆಗ ಒಂದು ಚಹಾ ಕಂಪನಿ, ಈಗ ಅದು ಮುಚ್ಚ್ಯಾದ, ದೊಡ್ಡ ಪಾಕೀಟಿನ್ಯಾಗ ಒಂದೊಂದು ಪ್ಲಾಸ್ಟಿಕ್ ಕುದುರಿ ಹಾಕಿ ಕಳಸೋದು ಸುರು ಮಾಡ್ತು. ಪಾಕೀಟಿನ ಮ್ಯಾಲ ಯಾವ ಬಣ್ಣ ಅಂತ ತಿಳೀತಿದ್ದಿಲ್ಲ. ಕೆಂಪ, ಹಸರ, ನೀಲಿ, ಹಳದಿ, ಕರೀದು, ಬಿಳಿದು. ಕುದುರಿ ಜೋಡಿ ಹಲ್ಲಿನಷ್ಟು ಸಣ್ಣ ಹಣಗಿ, ಒಂದು ರಟ್ಟಿನ ಜೀನು. ಅಂಗಡ್ಯಾಂವಗ ಮಾತ್ರ ಇನ್ನೊಂದು ಹೆಚ್ಚಿಂದು ಬರತಿತ್ತು, ರಟ್ಟಿನ ತಬೇಲಾ, ಕುದುರಿ ಕಟ್ಟೋ ಲಾಯ. ಮಡಚಿ ನಿಂದರಸಿದ್ರ ಆರು ಖಾನಿ, ಪ್ರತಿ ಖಾನಿಗಿ ಕುದುರಿ ಚಿತ್ರ, ಮ್ಯಾಲ ಕೆಂಪ ಹಂಚು ಬರದಿದ್ರು. ನಿಲಂಗ್ಯಾಗ ಇಡೀ ದೊಡ್ಡ ಪಾಕೀಟು ಒಯ್ಯೋರು ಕೋರ್ಟಿನ ವಕೀಲರು, ಮಾಸ್ತರರು. ಉಳದವರು ದಿನಾ ದಿನಾ ಒಂದು ಚಿಮಟಿ ಚಹಾ ಒಯ್ಯೋರು. ಅವರಿಗಂತ ಮಾಮಾ ದೊಡ್ಡ ಪಾಕೀಟು ಒಡಿಸಿ, ಹಳೇ ಪೇಪರಿನ್ಯಾಗ ಸಣ್ಣ ಸಣ್ಣ ಪೊಟ್ಟಣ ಕಟ್ಟಸತಿದ್ದ. ಕಟ್ಟೋಳು ನಮ್ಮವ್ವ. ಹಿಂಗಾಗಿ ಒಡದ ಪಾಕೀಟಿನ ಕುದುರಿ ಮೊದಲ ನಮ್ಮವ್ವನ ಕೈಗಿ ಬೀಳತಿತ್ತು.

ಮೊದಲಿಗಿ ಬಂದದ್ದು ಕೆಂಪ ಕುದುರಿ. ಅವ್ವ ಅದರ ಮೈಮ್ಯಾಲಿನ ಪತ್ತಿ ಸೆರಗಿಲೆ ಒರಸಿ ನನ್ನ ಅಂಗೈದಾಗ ಇಟ್ಲು. ನಾ ಅದನ್ನ ಮುಚಗೊಂಡು ಅಂಗಡಿಗಿ ಓಡದೆ. ಬಸ್ಯಾ ಕಂಡು ಚೀರದ. ಮಾಮಿ ಅಡಗಿಮನ್ಯಾಗಿಂದ ಹಿಟ್ಟಿನ ಕೈಲೇ ಬಂದ್ಲು.

"ನಮ್ಮ ಅಂಗಡಿ ಮಾಲು, ನಮ್ಮ ಕೂಸಿಗಿ ಬ್ಯಾಡ, ಬ್ಯಾರೇದವರಿಗಿ ಮೊದಲ?"

"ವೈನಿ, ಕೊಡಸತೀನಿ. ಏ ಶಿವ್ಯಾ, ಕೊಡೋ ಅವಗ," ಅಂತ ಅವ್ವ ಎದ್ದು ನಿಂತಳು.

ಮಾಮಾ ತಕ್ಕಡಿ ಕೆಳಗ ಇಟ್ಟು ನಕ್ಕ.

"ಸಾಲಿಗಿ ಹೋಗೋನಿಗಿ ಪುಸ್ತಕ, ಅಂಗಡ್ಯಾಗ ನಿಂದರೋನಿಗಿ ಕುದುರಿ. ನ್ಯಾಯ ಆಯ್ತಿಲ್ಲೋ?"

"ನಂಗೂ ಸಾಲಿಗಿ ಕಳಸು ಮಾಮಾ," ಅಂದೆ. ಹೆಂಗ ಬಾಯಿಗಿ ಬಂತೋ ಗೊತ್ತಿಲ್ಲ. ಅದಕ್ಕಿಂತ ಮೊದಲ ನಾ ಅದನ್ನ ಯಾರ ಮುಂದೂ ಅಂದಿದ್ದಿಲ್ಲ.

ಅಂಗಡ್ಯಾಗ ಇಬ್ಬರು ಗಿರಾಕಿ ಇದ್ರು. ಎಲ್ಲಾರೂ ನನ್ನೇ ನೋಡಿದ್ರು. ಮಾಮಾ ಮ್ಯಾಲಿನ ಹಲಗ್ಯಾಗ ನಿಂದರಸಿದ ತಬೇಲಾ ನೋಡದ, ನನ್ನ ನೋಡದ.

"ಕಳಸತೀನಿ. ಆ ತಬೇಲಾ ತುಂಬಲಿ. ಆರೂ ಕುದುರಿ ನಿಂತ ದಿನಾ ನಾನೇ ನಿನ್ನ ಕೈ ಹಿಡದು ಸಾಲಿಗಿ ಹಚ್ಚಿ ಬರತೀನಿ. ಮಲ್ಲಣ್ಣನ ಆಣಿ."

ಮಲ್ಲಣ್ಣನ ಆಣಿ ಅಂದ್ರ ನಮ್ಮ ಕಡಿ ಆಟದ ಮಾತಲ್ಲ. ಗಿರಾಕಿ ಸೈತ ಗಲ್ಲ ಮುಟಗೊಂಡ್ರು. ನಾ ಒಳಗ ಓಡಿ ಅವ್ವಗ ಹೇಳದೆ. ಆಕಿ ಬಾಗಲದಾಗೇ ನಿಂತು ಕೇಳಿದ್ಲು, ಆದ್ರೂ ಮತ್ತೊಮ್ಮಿ ಹೇಳದೆ. ಆಕಿ ನನ್ನ ತಲಿ ಮ್ಯಾಲ ಕೈ ಇಟ್ಟು, ಆಗಲಿ ಬಿಡು, ಅಂದ್ಲು. ಆ ಕೈ ಭಾಳೊತ್ತು ಅಲ್ಲೇ ಇತ್ತು.

ಹಸರ ಕುದುರಿ ಬಂತು, ನೀಲಿ ಬಂತು. ನೀಲಿ ಮ್ಯಾಲ ನೀಲಿ ಬಂತು, ಒಂದು ಬಸ್ಯಾಗ ಕೊಟ್ಟೆ. ಪ್ರತಿ ಸಲ ಅವ್ವ ಒರಸಿ ಅಂಗೈದಾಗ ಇಡತಿದ್ಲು, ಹಣಗಿ ಬ್ಯಾರೆ, ಜೀನು ಬ್ಯಾರೆ. ನಾ ಹಣಗಿಲೆ ಅವುಗಳ ಅಯಾಲು ಬಾಚಿ, ಬೆನ್ನಿಗಿ ಜೀನು ಕಟ್ಟಿ, ತಬೇಲಾದಾಗ ಅವರವರ ಖಾನ್ಯಾಗ ನಿಂದರಸತಿದ್ದೆ. ಗಿರಾಕಿಗೋಳಿಗಿ ಸೈತ ಗೊತ್ತಾಗಿತ್ತು. "ಕಾಯ್ ರೇ ಶಿವಾ, ಕಿತಿ ಘೋಡೇ ಝಾಲೇ?" ಎಷ್ಟು ಕುದುರಿ ಆದ್ವೋ ಅಂತ ಮರಾಠಿದಾಗ ಕೇಳಿ ಚಹಾ ಒಯ್ಯೋರು. ಹಳದಿ ಬಂತು. ಭಾಳ ದಿನಾ ಮ್ಯಾಲ ಕರೀದು ಬಂತು. ಆವತ್ತ ನಾ ಅಂಗಡಿ ಮುಂದ ಕುಣದಿದ್ದು ಇನ್ನಾ ನೆನಪದ. ಬಿಳಿದೊಂದೇ ಉಳೀತು. ಬಿಳಿ ಖಾನ್ಯಾಗ ಬರೇ ಚಿತ್ರ, ಒಂದು ಕಾಲು ಎತ್ತಿದ ಬಿಳಿ ಕುದುರಿ.

ಅವ್ವ ಪಾಕೀಟು ಒಡಿಯೋವಾಗ ನಾ ಹೋಗಿ ಎದುರಿಗಿ ಕೂಡತಿದ್ದೆ. ಬಿಸಲಕೋಲಿನ್ಯಾಗ ಚಹಾದ ಧೂಳು ಹಾರತಿತ್ತು. ಹಳದಿ. ಮತ್ತ ಕೆಂಪ. ಮತ್ತ ನೀಲಿ.

"ಅವ್ವಾ, ಬಿಳಿದು ಯಾಕ ಬರವಲ್ದು?"

"ಮಲ್ಲಣ್ಣಗ ಕೇಳಕೋ. ಅಂವಾ ಏರೋ ಬಿಳಿ ಕುದುರಿ ಅಂವಂದೇ ಅಲ್ಲೇನು."

ನಾ ಕೇಳಕೊಂಡೆ. ದಿನಾ ಸಂಜಿಗಿ ಅವ್ವ ದೀಪ ಹಚ್ಚಿದ ಮ್ಯಾಲ, ಮಾಮಾನ ಬೆಳ್ಳಿ ಕಣ್ಣಿನ ದೇವರಿಗಿ ಒಂದು ಸಾದಾ ನಮಸ್ಕಾರ ಹಾಕಿ, ನಮ್ಮ ಗಂಟಿನ ಮುಂದ ಹಣಿ ಹಚ್ಚಿ, ಮಲ್ಲಣ್ಣಾ, ನಿನ್ನ ಕುದುರಿ ಕಳಸು ಅಂತ ಬೇಡತಿದ್ದೆ. ಹಣಿಗಿ ಅರಿಶಿಣ ಹತ್ತತಿತ್ತು. ಬಸ್ಯಾ ಅದನ್ನ ನೋಡಿ, ಹಳದಿ ಹಣಿ ಬಂತು ಅಂತ ಕಾಡತಿದ್ದ.

ಬೇಡಿದ್ರೂ ಬರಲಿಲ್ಲ. ನಮ್ಮ ಕಡಿ ದೇವರಿಗಿ ಗಟ್ಟಿ ಬೇಡಕೊಳ್ಳೋರು ಒಂದು ತಿನ್ನೋ ಪದಾರ್ಥ ಬಿಡತಾರ. ಬೇಡಿದ್ದು ಆಗೋತನಕ ಅದನ್ನ ಬಾಯಿಗಿ ಇಡಂಗಿಲ್ಲ. ಮಾಮಿ ಬಸ್ಯಾ ಹುಟ್ಟೋತನಕ ಬದನಿಕಾಯಿ ಬಿಟ್ಟಿದ್ಲಂತ. ನಾ ಒಂದು ದಿನ ದೀಪದ ಮುಂದ ನಿಂತು ಸಿಹಿ ಬಿಟ್ಟೆ. ಬೆಲ್ಲ, ಸಕ್ಕರಿ, ಹೋಳಗಿ, ಎಲ್ಲಾ. ಅವ್ವ ಬತ್ತಿ ಹೊಸಿಲಕತ್ತಿದ್ಲು. ಕೈ ಅಲ್ಲೇ ನಿಂತಿತು.

"ಸಿಹಿ ಬ್ಯಾಡೋ. ಬೆಳಿಯೋ ಕೂಸು. ಮತ್ತೇನರ ಬಿಡು. ಸೋರಿಕಾಯಿ ಬಿಡು."

"ಸೋರಿಕಾಯಿ ನಂಗ ಮೊದಲೇ ಸೇರಂಗಿಲ್ಲ. ಅದು ಬಿಟ್ರ ಮಲ್ಲಣ್ಣ ಏನಂದಾನ?"

"ಏನೂ ಅನ್ನಂಗಿಲ್ಲ. ಅಂವಗ ಎಲ್ಲಾ ಗೊತ್ತದ. ಸಿಹಿ ಬ್ಯಾಡ ನನ್ನಪ್ಪಾ."

"ಬಿಟ್ಟಾಯ್ತು ಅವ್ವಾ. ಬಾಯಿಲೆ ಅಂದಾಯ್ತು."

ಬಾಯಿಲೆ ಅಂದದ್ದು ವಾಪಸ್ ತಗೋಳಾಕ ಬರಂಗಿಲ್ಲ. ಅವ್ವಗೂ ಅದು ಗೊತ್ತಿತ್ತು. ಆಕಿ ಮತ್ತ ಬತ್ತಿ ಹೊಸಿಲಕತ್ಲು. ಉಗಾದಿ ಬಂತು, ನಾಗರಪಂಚಮಿ ಬಂತು, ದೀಪಾವಳಿ ಬಂತು. ಮಾಮಿ ಹೂರಣ ಅರೀತಿದ್ಲು, ಅವ್ವ ಹೋಳಗಿ ಲಟ್ಟಸತಿದ್ಲು, ಮನಿ ತುಂಬ ಯಾಲಕ್ಕಿ ವಾಸ. ನನ್ನ ಗಂಗಾಳಕ್ಕ ರೊಟ್ಟಿ ಬೀಳತಿತ್ತು. ಬಸ್ಯಾ ನನ್ನ ಎದುರಿಗೇ ಕುಂತು ತುಪ್ಪ ಸೋರಿಸಿಕೋತ ತಿಂತಿದ್ದ. ಅವ್ವ ಆವತ್ತಿನ ದಿನಾ ತನಗೂ ರೊಟ್ಟೀನೇ ಹಾಕೋತಿದ್ಲು. ಮಗನ ಸಂಗಟ ತಾನೂ ಬಿಟ್ಟಾಳ ಅಂತ ನಾ ತಿಳಕೊಂಡಿದ್ದೆ. ನಂಗ ಭಾಳ ಹೆಮ್ಮಿ ಅನಸತಿತ್ತು.

ಒಮ್ಮಿ ಮಾಮಾ ನನ್ನ ಉದಗೀರಕ್ಕ ಕರಕೊಂಡು ಹೋದ, ಮಾಲು ತರಲಾಕ. ಕೆಂಪ ಬಸ್ಸಿನ್ಯಾಗ ಚೀಲದ ಮ್ಯಾಲ ಕುಂತು ಹೋದೆ. ಹೋಲಸೇಲ ಅಂಗಡಿಯಾಂವ ಒಬ್ಬ ಮುದಕ, ಗಾದಿ ಮ್ಯಾಲ ಒರಗಿದ್ದ. ನಾ ಧೈರ್ಯ ಮಾಡಿ ಕೇಳದೆ.

"ರೀ ಸಾಹುಕಾರ, ಬಿಳಿ ಕುದುರಿ ಇರೋ ಪೆಟಗಿ ಯಾವುದರೀ?"

ಮುದಕ ನಕ್ಕ. "ಪೆಟಗಿ ಮ್ಯಾಲ ಬರದಿರತದ ಏನೋ? ಬಿಳಿದು ಅಪರೂಪ ತಮ್ಮಾ. ಅದು ಬಂದಿದ್ದು ಸುರುವಿನ ಮಾಲಿನ್ಯಾಗ. ನಿಲಂಗಾ ಕಡಿನೇ ಹೋಯ್ತು ಆ ಮಾಲು."

ಹೊಳ್ಳಿ ಬಂದು ಒಂದು ವಾರ ನಾ ನಿಲಂಗಾದ ಒಂದೊಂದು ಕಿರಾಣಿ ಅಂಗಡಿಗಿ ಹೋಗಿ ಕೇಳದೆ. ಬಸ್‌ಸ್ಟ್ಯಾಂಡ, ಕೋರ್ಟಿನ ಓಣಿ, ಕಾಳುಕಡಿ ಆಡತ ಬಜಾರ. ಯಾರ ಬಲ್ಲಿನೂ ಇರಲಿಲ್ಲ. ಯಾರೋ ಒಯ್ದಾರ, ಅವರ ಕೂಸು ಮುರದು ಒಗದದ, ಅಂತ ಮಾಮಾ ಅಂದ. ಇದೆಲ್ಲಾ ಅವ್ವಗ ಹೇಳದೆ. ಆಕಿ ಪೊಟ್ಟಣಕ್ಕ ದಾರ ಸುತ್ತಕೋತ ಕೇಳಿದ್ಲು. ಕಾಲು ನೋಯತಾವ ಏನು, ಎಣ್ಣಿ ತಿಕ್ಕಲಾ, ಅಂದ್ಲು. ತಿಕ್ಕಿದ್ಲು ಸೈತ.

ಆಮ್ಯಾಲ ಕಂಪನಿಯವರು ಕುದುರಿ ಬಿಟ್ಟು ಚಮಚಾ ಹಾಕೋದು ಸುರು ಮಾಡಿದ್ರು. ಮಾಮಾ ತಬೇಲಾ ಇಳಸಿ ಒಲಿಗಿ ಹಾಕ್ರಿ ಅಂದ. ನಾ ಅದನ್ನ ಒಯ್ದು ಜಗಲಿ ಕೆಳಗ ಇಟಗೊಂಡೆ. ಹಳೇ ಮಾಲಿನ್ಯಾಗ ಎಲ್ಲ್ಯರ ಬರಬಹುದು ಅಂತ ಆಸಿ ಇತ್ತು. ವಯಸ್ಸು ಬಂದಂಗ ಕುದುರಿ ಬಗ್ಗಿ ಮಾತಾಡೋದು ಬಿಟ್ಟೆ, ಬೇಡೋದು ಬಿಡಲಿಲ್ಲ. ಮೀಸಿ ಚಿಗತು. ಬಸ್ಯಾ ದೊಡ್ಡ ಸಾಲಿಗಿ ಹೋದ, ಇಂಗ್ಲೀಷ ಪದ ಬಾಯಿಪಾಠ ಮಾಡಕೋತ ತಿರಗಾಡತಿದ್ದ. ನಾ ಗೋಧಿ ಚೀಲ ಎತ್ತೋನಾದೆ. ಸಹಿ ಮಾಡೋ ಕಡಿ ಬಟ್ಟ ಒತ್ತೋನಾದೆ.

ಹಿಂಗಿದ್ದಾಗ ಭೂಕಂಪ ಆಯ್ತು. ಸಾಸ್ತೂರ ಕಡಿ ಊರಿಗಿ ಊರೇ ಹೋಗಿದ್ವು, ಅದರ ಮುಂದ ನಮ್ಮದು ಏನೂ ಅಲ್ಲ. ನಿಲಂಗ್ಯಾಗ ಮಾಮಾನ ಮನಿ ನಡುವಿನ ಖೋಲಿ ಗ್ವಾಡಿ ಮ್ಯಾಲಿಂದ ಕೆಳಗಿನತನಕ ಬಿರತು. ಜನ ಎಲ್ಲಾ ಬಯಲಾಗ ತಾಡಪತ್ರಿ ಕಟಗೊಂಡು ಕುಂತಿದ್ರು. ನೆಲ ಇನ್ನಾ ನಡುನಡುವ ಅಲಗತಿತ್ತು. ಎರಡು-ಮೂರು ದಿನಾ ಆದ ಮ್ಯಾಲ, ಗ್ವಾಡಿ ಬೀಳೋದ್ರಾಗ ಸಾಮಾನ ಹೊರಗ ತಗೀರಿ ಅಂತ ಮಾಮಾ ಅಂದ. ಮಟಮಟ ಮಧ್ಯಾಹ್ನ. ಮಾಮಿ ಅಂಗಳದಾಗ ಚಾದರ ಹಾಸಿದ್ಲು, ನಾನೂ ಬಸ್ಯಾನೂ ಒಳಗ ಹೋಗಿ ಹೋಗಿ ತಂದು ಇಡತಿದ್ವಿ. ಮಾಮಾನ ದೇವರು ತಂದ್ವಿ. ಕಡೀಕ ನಾ ನಮ್ಮ ಗಂಟು ಎತಗೊಂಡೆ. ಅವ್ವ ಬಯಲಾಗಿಂದ ಓಡಿ ಬಂದ್ಲು.

"ಅದು ನಾ ತರತೀನಿ. ಅದನ್ನ ನೀ ಮುಟ್ಟಬ್ಯಾಡ. ಇನ್ನಾ ಮದಿವಿ ಆಗಿಲ್ಲ ನಿಂದು."

"ಬಿಚ್ಚಲಕತ್ತಿಲ್ಲ ಅವ್ವಾ, ಹೊರಗ ತರಲಕತ್ತೀನಿ."

ಗ್ವಾಡಿ ಸಂದ್ಯಾಗಿಂದ ಮಳಿನೀರು ಇಳದು, ಮೊದಲೇ ಹಳೇದಾದ ಆ ಅರಿವಿ ತಳದಾಗ ಕೊಳತು ಲಡ್ಡಾಗಿತ್ತು ಅಂತ ಕಾಣತದ. ಅಂಗಳದ ನಡುವ ಬರೋದ್ರಾಗ ತಳ ಹರೀತು. ಭಂಡಾರ ಸುರೀತು. ಮಲ್ಲಣ್ಣನ ಮೂರ್ತಿ ಠಣ್ ಅಂತು. ಅದರ ಬೆನ್ನ ಹಿಂದೇ ಇನ್ನೊಂದು ಬಿತ್ತು, ಸಪ್ಪಳೇ ಇಲ್ಲದಂಗ. ಬಸ್ಯಾ ಬಗ್ಗಿ ಎತ್ತದ. ಅರಿಶಿಣದಾಗ ಮುಳಗಿ ಹಳದಿ ಆಗಿತ್ತು. ಅಂವಾ ಅಂಗಿಲೆ ತಿಕ್ಕದ. ಒಂದು ಕಾಲು ಎತ್ತಿದ ಬಿಳಿ ಕುದುರಿ. ಬೆನ್ನಿಗಿ ಜೀನು ಹಂಗೇ ಇತ್ತು. ಹಣಗಿನೂ ಇತ್ತು, ಕೊರಳಿಗಿ ದಾರಲೆ ಕಟ್ಟಿತ್ತು. ಪೊಟ್ಟಣ ಕಟ್ಟೋ ದಾರ. ಅವ್ವ ಹಾಕೋ ಗಂಟೇ.

ಬಸ್ಯಾ, ಅಯ್ಯ, ಬಂತಲ್ಲೋ ನಿನ್ನ ಕುದುರಿ, ಅಂದ.

"ಯಾವಾಗ ಬಂದಿತ್ತವ್ವಾ ಇದು?" ಅಂದೆ.

"ಹಸರಿಂದು ಬರೋಕಿಂತ ಮೊದಲ."

ಹಸರಿಂದು ಎರಡನೇದು. ಅಂದ್ರ ಮಾಮಾ ಆಣಿ ಮಾಡಿ ಇನ್ನಾ ನಾಕ ದಿನಾ ಆಗಿದ್ದಿಲ್ಲ. ನಾ ಬೇಡಿದ್ದೆಲ್ಲಾ, ಬಿಟ್ಟಿದ್ದೆಲ್ಲಾ, ಓಣಿ ಓಣಿ ತಿರಗಿದ್ದೆಲ್ಲಾ ಅದರ ಆಮ್ಯಾಲಿಂದು. ನಾ ದಿನಾ ಹಣಿ ಹಚ್ಚಿದ ಜಾಗಾದಿಂದ ಅದು ಒಂದು ಪದರು ಅರಿವಿ ಆಚಿಗಿತ್ತು.

"ಯಾಕ?"

"ಕಳವು ಮಾಡಿಲ್ಲೋ," ಅಂದ್ಲು ಅವ್ವ. "ಬಿಳಿ ಕುದುರಿ ಮಲ್ಲಣ್ಣಂದು. ಗಂಟು ಬಿಚ್ಚದೇ ಸಂದ್ಯಾಗಿಂದ ಸರಸಿ ಅಂವಂದು ಅಂವಗ ಒಪ್ಪಸೀನಿ. ಗಂಟು ನಿಂದೇ. ನಿನ್ನ ಮದಿವ್ಯಾಗ ನೀನೇ ಬಿಚ್ಚತಿದ್ದಿ, ನಿನ್ನ ಕೈಗೇ ಬರತಿತ್ತು."

"ನಾ ಯಾಕ ಅಂತ ಕೇಳಲಕತ್ತೀನಿ."

ಅವ್ವ ಮಾಮಿ ಕಡಿ ನೋಡಿದ್ಲು. ಮಾಮಿ ಚಾದರ ಸರಿ ಮಾಡಲಕತ್ಲು.

"ಆವತ್ತ ಅಣ್ಣ ಆಣಿ ಮಾಡಿದ ಮ್ಯಾಲ ವೈನಿ ಅಡಗಿಮನ್ಯಾಗ ಅಂದ್ಲು. ಇಂವಾ ಸಾಲಿಗಿ ಹೋದ್ರ ಅಂಗಡಿಗಿ ಆಳು ಇಡಬೇಕು. ಆಳು ಇಟ್ಟ ಮ್ಯಾಲ ಎರಡು ಬಾಯಿ ಸುಮ್ಕ ಯಾಕ ಸಾಕಬೇಕು ಅಂದ್ಲು. ನೀ ಅಂಗಡ್ಯಾಗ ಇದ್ದಿ, ಅದಕ್ಕ ನಾ ಈ ಮನ್ಯಾಗ ಇದ್ದೆ. ಎಲ್ಲಿಗಿ ಹೋಗ್ಬೇಕಿತ್ತೋ ನಿನ್ನ ಕಟಗೊಂಡು?"

ನಾ ಏನಂತಿದ್ದೆನೋ. ಅಷ್ಟರಾಗ ಮಾಮಾ ನಕ್ಕ. ಅಂವಂದು ದೊಡ್ಡ ನಗಿ, ಎಲ್ಲಾರೂ ಹೆದರಿ ಕುಂತ ಆ ಬಯಲಿನ ತುಂಬ ಕೇಳಸ್ತು. ಅವ್ವನ ಕಡಿ ತಿರಗಿ ಅಂದ.

"ಹುಚ್ಚಿ ಇದ್ದಿ ಕಾಶಿ ನೀ. ಕೂಸು ಅಳಬಾರದಂತ ಒಂದು ಮಾತು ಅಂದಿದ್ದೆ. ಆ ಕುದುರಿ ಬಂದಿದ್ರ ನಾ ಕಳಸ್ತಿದ್ದೆ ಏನು? ಕುದುರಿ ಬಂತು, ಇನ್ನ ಸವಾರ ಬರಲಿ ಅಂತಿದ್ದೆ. ಸುಮ್ಕ ಇಷ್ಟು ವರ್ಷ ಮುಚ್ಚಿಟ್ಟಿ."

ಅಂವಾ ಕೆಟ್ಟ ಮನಸಿನಿಂದ ಅಂದದ್ದಲ್ಲ. ತಂಗಿ ಮ್ಯಾಲಿನ ಭಾರ ಇಳಸಬೇಕು ಅಂತೇ ಅಂದಿದ್ದ, ನಂಗ ಈಗ ಹಂಗ ಅನಸತದ. ಆದ್ರ ಅವ್ವನ ಮಾರಿ ನಾ ನೋಡದೆ. ಕುದುರಿ ಬಿದ್ದಾಗ ಇಳದಿದ್ದಿಲ್ಲ, ಆಗ ಇಳೀತು ಆ ಮಾರಿ. ಮಲ್ಲಣ್ಣನ ಆಣಿ ಅಂದಿದ್ದಿ ಅಣ್ಣಾ, ಅಂದ್ಲು ಸಣ್ಣ ದನ್ಯಾಗ. ಮಾಮಾಗ ಕೇಳಸಲಿಲ್ಲ. ಅಂವಾ ಆಗಲೇ ಸಕ್ಕರಿ ಚೀಲ ತೊಯ್ತಾವ ಅಂತ ಒಳಗ ಹೋಗಿದ್ದ.

ಆ ಮನ್ಯಾಗ ಮಾಮಾನ ಮಾತು ನಂಬಿದವರು ಇಬ್ಬರೇ. ನಾ ನಂಬಿ ಕಾದೆ. ಅವ್ವ ನಂಬಿ ಮುಚ್ಚಿಟ್ಲು.

ಸಂಜಿಗಿ ತಾಡಪತ್ರಿ ಕೆಳಗ ಅವ್ವ ಒಂದು ಚೂರು ಬೆಲ್ಲ ತಂದು ನನ್ನ ಮುಂದ ಹಿಡದ್ಲು. ಬಂತಲ್ಲ ಈಗ, ಬೇಡಿದ್ದು ಆಯ್ತು, ತಿನ್ನು, ಅಂದ್ಲು. ಆಕಿ ಕೈಗಿ ಇನ್ನಾ ಅರಿಶಿಣ ಇತ್ತು. ನಾ ಮಾರಿ ತಿರಿವಿದೆ. ಮರುದಿನ ಸಾಸ್ತೂರ ಕಡಿ ತಗಡಿನ ಪತ್ರಾ ಹೊರೋ ಕೆಲಸಕ್ಕ ಮಂದಿ ಹೊಂಟಿದ್ರು, ಅವರ ಟ್ರಕ್ಕಿನ್ಯಾಗ ಹತ್ತಿ ಹೋದೆ. ಹೋಗೋವಾಗ ಐದು ಕುದುರಿ, ಮಡಚಿದ ತಬೇಲಾ ಒಯ್ದೆ. ಬಿಳಿದು ಒಯ್ಯಲಿಲ್ಲ. ಅಲ್ಲಿ ಪತ್ರಾದ ಶೆಡ್ಡಿನ್ಯಾಗ ಸಾಲಿ ನಡೀತಿತ್ತು. ಶೆಡ್ಡಿನ ಪತ್ರಾ ಹೊತ್ತಾಂವ ನಾನೇ. ಒಂದು ದಿನ ಬಾಗಲದಾಗ ನಿಂತು ಒಳಗ ನೋಡಲಕತ್ತಿದ್ದೆ. ಅಲ್ಲಿ ಕಲಸೋ ಮಾಸ್ತರಬಾಯಿ, ಒಳಗ ಬಾ, ಕೂಡು, ಅಂದ್ಲು. ನನ್ನ ಮೊಣಕಾಲಿನಷ್ಟು ಎತ್ತರದ ಕೂಸುಗೋಳ ನಡುವ ಕುಂತೆ. ಅವು ನನ್ನ ಮೀಸಿ ನೋಡಿ ನಕ್ಕವು. ಮರಾಠಿ ಅಕ್ಷರ ಅಲ್ಲಿ ಕಲತೆ. ಕನ್ನಡ ಅಕ್ಷರ ಕಲಿಸದಾಕಿ ನನ್ನ ಹೆಂಡತಿ, ಭಾಲ್ಕಿ ಕಡಿ ಮಗಳು. ಆಕಿ ಈಗಲೂ ನನ್ನ ಒತ್ತು ತಪ್ಪು ತಗೀತಾಳ.

ಮದಿವ್ಯಾದ ಮ್ಯಾಲ ಅವ್ವನ್ನ ಉಮರ್ಗಾಕ ಕರಕೊಂಡು ಬಂದೆ. ಗಂಟು ಬಿಚ್ಚೋ ಶಾಸ್ತ್ರ ಮಾಡಲಿಲ್ಲ. ಹೊಸ ಅರಿವ್ಯಾಗ ಅವ್ವನೇ ಕಟ್ಟಿದ್ಲು, ಕುದುರಿ ಒಳಗ ಇಟ್ಟೇ ಕಟ್ಟಿದ್ಲು. ಹಂಗೇ ಅದ. ಸಂಜಿಗಿ ದೀಪ ಹಚ್ಚತಾಳ. ನಾ ಕೈ ಮುಗಿಯಂಗಿಲ್ಲ. ಚಹಾ ಸಕ್ಕರಿ ಇಲ್ಲದೇ ಕುಡಿತೀನಿ. ಸಕ್ಕರಿ ಬ್ಯಾನಿ ಅದ ಅಂತ ಮಂದಿ ತಿಳಕೊಂಡಾರ. ಅವ್ವನ ಸಂಗಟ ಆ ಮಾತು ನಾ ಮತ್ತೊಮ್ಮಿ ತಗದಿಲ್ಲ, ಆಕಿನೂ ತಗದಿಲ್ಲ. ಇವತ್ತ ಮಾತ್ರ, ನಾ ಇಷ್ಟು ಬರೆಯೋದ್ರಾಗ ಆಕಿ ಬಂದು ಬಾಜೂಕ ಕುಂತ್ಲು.

"ಮುಂಜಾನಿಂದ ಏನ್ ಒತ್ತಲಕತ್ತಿ ಅದು?"

"ಕುದುರಿದು ಬರೀಲಕತ್ತೀನಿ."

"ನಂದೂ ಬರದಿ ಏನು?"

"ಬರದೀನಿ."

"ಓದು."

ಓದದೆ. ಖೋಲಿ, ಬಿಸಲಕೋಲು, ಸೋರಿಕಾಯಿ ಕಡಿ ಬಂದಾಗ ಆಕಿ ಸಣ್ಣಕ ನಕ್ಕಳು. ಅಂಗಳದಾಗ ಗಂಟು ಹರದದ್ದು ಬಂತು. ನಾ ನಿಲ್ಲಸಲಿಲ್ಲ, ಮಾಮಾನ ನಗಿ ಸೈತ ಓದದೆ. ಮಾಮಾ ಈಗ ಇಲ್ಲ, ತೀರಕೊಂಡು ಭಾಳ ದಿನಾ ಆಯ್ತು. ಅವ್ವ ಅಲ್ಲೇ ತಡದ್ಲು.

"ಅದು ತಪ್ಪು ಬರದಿ. ಅಣ್ಣ ಕಳಸ್ತಿದ್ದ."

"ಅಂವನೇ ಅಂದನಲ್ಲವ್ವಾ, ಕಳಸ್ತಿದ್ದಿಲ್ಲ ಅಂತ. ನೀ ಮುಚ್ಚಿಟ್ರೂ ಅಷ್ಟೇ, ಇಡದಿದ್ರೂ ಅಷ್ಟೇ. ಒಂದು ಲೆಕ್ಕಕ್ಕ ನಿಂದೇನೂ ತಪ್ಪಿಲ್ಲ."

"ಆವತ್ತ ನಕ್ಕದ್ದು ಸುಳ್ಳು. ಮಲ್ಲಣ್ಣನ ಆಣಿ ಮಾಡಿದ್ದು ಖರೆ. ಕಳಸ್ತಿದ್ದ. ನಿನ್ನ ಕೈ ಹಿಡದು ಒಯ್ದು ಹಚ್ಚತಿದ್ದ. ನಾ ಬಿಡಲಿಲ್ಲ. ಹಂಗ ಬರಿ."

ಇಷ್ಟು ವರ್ಷ ನಾ ಆಕಿ ಮ್ಯಾಲ ಸಿಟ್ಟಾಗಿದ್ದು ಇದಕ್ಕೇ. ಇವತ್ತ ಆಕಿನೇ ಅದನ್ನ ನನ್ನ ಮುಂದ ಇಟ್ಲು. ಅಣ್ಣ ಸುಳ್ಳ ಅನ್ನಿಸಕೊಳ್ಳೋದಕ್ಕಿಂತ ಮಗನ ಸಾಲಿ ತಪ್ಪಸಿದ ತಾಯಿ ಅನ್ನಿಸಕೊಳ್ಳೋದು ಆಕೀಗಿ ಹಗರ ಆಗಿತ್ತು. ಆ ಮನ್ಯಾಗ ಆಕೀಗಿ ಅಣ್ಣನೊಬ್ಬನೇ ಇದ್ದ. ನಾ ಇದ್ದೆ ಅಂತ ನಾ ತಿಳಕೊಂಡಿದ್ದೆ.

ಹಂಗ ಬರಿ ಅಂದ್ಲು, ಬರದೀನಿ. ಎರಡೂ ಬರದೀನಿ.

ಹೊತ್ತು ಮುಣಗಲಕತ್ಯಾದ. ಅವ್ವ ಎದ್ದು ಹೋಗಿ ಗಂಟಿನ ಮುಂದ ದೀಪ ಹಚ್ಯಾಳ. ಬರೋವಾಗ ಒಂದು ಚೂರು ಬೆಲ್ಲ ತಂದು ನನ್ನ ಬಾಜೂಕ ಕಪಾಟಿನ ಅಂಚಿಗಿ ಇಟ್ಟು ಒಳಗ ಹೋಗ್ಯಾಳ. ತಬೇಲಾದ ಐದೂ ಕುದುರಿ ಈ ಕಡಿನೇ ನೋಡಲಕತ್ಯಾವ. ಬೆಲ್ಲಕ್ಕ ಒಂದು ಇರಬಿ ಹತ್ಯಾದ. ನಾ ಅದನ್ನ ಜಾಡಸಿಲ್ಲ, ಬೆಲ್ಲಾನೂ ಎತ್ತಿಲ್ಲ.